ಬಂಡೆಯ ಮೇಲಿನ ಕ್ಯಾಪ್ಟನ್ ಮತ್ತು ಓಪಲ್‌ನ ಹಾಲು

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ವಿಸ್ಕಾನ್ಸಿನ್ನಿನ ಆ ಬಯಲಲ್ಲಿ ಮೆಕ್ಕೆಜೋಳದ ದಂಟು ಒಣಗಿ, ಗಾಳಿ ಬಂದರೆ ಸರಸರ ಎನ್ನುತ್ತಿತ್ತು. ನಾರ್ಬರ್ಟ್ ನಾಲ್ಕಕ್ಕೇ ಎದ್ದು ಮೂವತ್ತು ಹಸುಗಳ ಹಾಲು ಕರೆದು, ಉಳಿದ ಆರನ್ನು ಮಗಳು ಟ್ರೂಡಿಗೆ ಬಿಟ್ಟು, ತೆನೆ ಕೀಳುವ ಯಂತ್ರದ ಸರಪಳಿ ಕೂರಿಸಲು ಹೊಲಕ್ಕೆ ಹೋಗಿದ್ದ.

ಆಗೆಲ್ಲ ಟೀವಿಯಲ್ಲಿ ಕಾರ್ಟೂನು ಅಂದರೆ ಶನಿವಾರದ ಬೆಳಿಗ್ಗೆ. ಹನ್ನೊಂದು ವರ್ಷದ ಟ್ರೂಡಿಗೆ ಅದರ ಕಥೆ ಯಾವತ್ತೂ ದಕ್ಕಿರಲಿಲ್ಲ. ಕೊಟ್ಟಿಗೆ ತೊಳೆದು, ಬೂಟು ಕಳಚಿ ಒಳಗೆ ಬರುವಷ್ಟರಲ್ಲಿ ಕಥೆ ಮುಗಿದು, ಅದರ ನಾಯಕ, ನೀಲಿ ನಿಲುವಂಗಿಯ ಕ್ಯಾಪ್ಟನ್, ಬಂಡೆಯ ಮೇಲೆ ಕೂತು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ. ಆ ಅರ್ಧ ನಿಮಿಷವೇ ಅವಳ ಪಾಲು. ತಮ್ಮ ಕರ್ಟ್ ಕಥೆಯನ್ನೆಲ್ಲ ನೋಡಿ, ಕ್ಯಾಪ್ಟನ್ ಕೂತೊಡನೆ ತಾನು ಏಳುವವನು. ಬೆಂಕಿಪೊಟ್ಟಣ ಮುಟ್ಟಬಾರದು, ಹೊಸ ಹುಡುಗನನ್ನು ಆಟಕ್ಕೆ ಸೇರಿಸಿಕೊಳ್ಳಬೇಕು ಎಂಬುದೆಲ್ಲ ಟ್ರೂಡಿಗೆ ಬಾಯಿಪಾಠ. ಕ್ಯಾಪ್ಟನ್ ಅದನ್ನು ಯಾಕೆ ಹೇಳಿದ ಅನ್ನುವುದು ಮಾತ್ರ ಗೊತ್ತಿಲ್ಲ.

ಇವತ್ತು ಮೊದಲಿಂದ ನೋಡಲೇಬೇಕೆಂದು ಕೈ ಬೀಸಾಗಿ ಓಡಿಸಿದಳು. ಐದನೆಯದು ಓಪಲ್. ಕೆಚ್ಚಲು ಬಾವು ಬಂದು ಸೂಜಿ ಚುಚ್ಚಿಸಿಕೊಂಡಿದ್ದ ಹಸು. ಗುರುತಿಗೆ ಹಿಂಗಾಲಿಗೆ ಕೆಂಪು ಪಟ್ಟಿ. ಔಷಧಿ ಬೆರೆತ ಅದರ ಹಾಲನ್ನು ಬೇರೆ ಬಕೆಟ್ಟಿಗೆ ಕರೆದು ಚೆಲ್ಲಬೇಕು. ಮಿಕ್ಕವುಗಳದು ಕೊಳವೆಯಲ್ಲಿ ದೊಡ್ಡ ಟ್ಯಾಂಕಿಗೆ. ಟ್ರೂಡಿಯ ಕೈ ಹಾಲು ಕರೆಯುವ ಯಂತ್ರವನ್ನು ರೂಢಿಯಂತೆ ಕೊಳವೆಗೇ ಸಿಕ್ಕಿಸಿತು. ಯಂತ್ರ ಬಿಡಿಸುವಾಗ ಕೆಂಪು ಪಟ್ಟಿ ಕಂಡಿತು.

ಆರನೆಯದನ್ನೂ ಕರೆದು ಮುಗಿಸಿ ಒಳಗೆ ನಡೆದಳು.

"ಏನಕ್ಕಾ, ಇವತ್ತು ಹಸುಗಳು ರಜಾ ಹಾಕಿದ್ವಾ?" ಎಂದ ಕರ್ಟ್.

"ಸುಮ್ನೆ ನೋಡೋ. ಆ ಗಡ್ಡದವ್ನು ಯಾರು?"

"ಅವ್ನೇ ಕಳ್ಳ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಕಥೆ ಕಣ್ಣ ಮುಂದೆ ಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ದಿನ ಬಿಟ್ಟು ದಿನ ಬರುವ ಹಾಲಿನ ಲಾರಿ ಇವತ್ತು ಹತ್ತಕ್ಕೆ ಬರುತ್ತದೆ. ಎಂಟು ಮನೆಗಳ ಹಾಲು ಅದರಲ್ಲಿ ಒಂದಾಗುತ್ತದೆ. ಡೇರಿಯಲ್ಲಿ ಔಷಧಿ ಸಿಕ್ಕಿಬಿದ್ದರೆ ಅಷ್ಟೂ ಮೋರಿಗೆ, ಅಷ್ಟರ ನಷ್ಟವೂ ಅಪ್ಪನ ತಲೆಗೆ. ಕ್ಯಾಪ್ಟನ್ ಇವತ್ತು ಏನಾದರೂ ಹೇಳಿಯಾನು ಎಂದು ಕಾದಳು. ಅವನು ಬಂಡೆಯ ಮೇಲೆ ಕೂತ. ಗುರುತಿಲ್ಲದ ನಾಯಿಯನ್ನು ಯಜಮಾನನನ್ನು ಕೇಳದೆ ಸವರಬಾರದು ಎಂದ.

"ಅಷ್ಟೇನಾ?" ಎಂದಳು ಟ್ರೂಡಿ.

"ಅದಕ್ಕೇ ನಾನು ನೋಡಲ್ಲ" ಎನ್ನುತ್ತ ಕರ್ಟ್ ಎದ್ದು ಹೋದ.

ಟ್ರೂಡಿ ಹೊಲಕ್ಕೆ ಹೋದಾಗ ನಾರ್ಬರ್ಟ್ ಯಂತ್ರದ ಕೆಳಗೆ ಮಲಗಿದ್ದ.

"ಅಪ್ಪಾ."

"ಆ ಸ್ಪ್ಯಾನರ್ ಕೊಡು."

ಕೊಟ್ಟಳು. "ಓಪಲ್ ಹಾಲು ಟ್ಯಾಂಕಿಗೆ ಹೋಯ್ತು."

ಸ್ಪ್ಯಾನರಿನ ಸದ್ದು ನಿಂತಿತು. "ಯಾವಾಗ ಗೊತ್ತಾಯ್ತು?"

ಈಗ ತಾನೇ ಎನ್ನಬಹುದಿತ್ತು. "ಆಗ್ಲೇ. ಕಾರ್ಟೂನ್ ಶುರುವಾಗೋಕೆ ಮುಂಚೆ."

"ಪೂರ್ತಿ ನೋಡಿದ್ಯಾ?"

"ಹೂಂ."

"ಚೆನ್ನಾಗಿತ್ತಾ?"

"ಇಲ್ಲ."

ಅವನು ಎದ್ದು ಪ್ಯಾಂಟಿಗೆ ಕೈ ಒರೆಸಿಕೊಂಡ. ಇಬ್ಬರೂ ಕೊಟ್ಟಿಗೆಗೆ ನಡೆದು ಬಂದರು. ಟ್ಯಾಂಕಿನ ಅಡಿಯ ನಲ್ಲಿಯನ್ನು ಅವನೇ ತಿರುಗಿಸಿದ. ಎರಡು ದಿನದ ಹಾಲು ನೆಲದ ಕಾಲುವೆ ಹಿಡಿದು ಬೆಳ್ಳಗೆ ಹರಿಯಿತು. ಓಡಿಬಂದ ಬೆಕ್ಕುಗಳನ್ನು ಟ್ರೂಡಿ ಪೊರಕೆಯಿಂದ ತಡೆದಳು.

ಲಾರಿ ಬಂತು. "ಇವತ್ತು ನಮ್ದು ಬೇಡ, ಎಲ್ರಾಯ್. ಔಷಧಿ ಹಸುದು ಸೇರ್‍ಕೊಂಬಿಡ್ತು" ಎಂದ ನಾರ್ಬರ್ಟ್.

"ಯಾರ ಕೈಗುಣವೋ?" ಎಂದು ಎಲ್ರಾಯ್ ಪೊರಕೆ ಹಿಡಿದವಳ ಕಡೆ ನೋಡಿದ.

"ನಮ್ ಕೊಟ್ಟಿಗೇದೇ. ನೀನು ಹೊರಡು, ಹೊತ್ತಾಯ್ತು."

ಲಾರಿಯ ಧೂಳು ಅಡಗಿದ ಮೇಲೆ ಟ್ರೂಡಿ ಕೇಳಿದಳು, "ನಂಗೇನು ಶಿಕ್ಷೆ?"

"ಯೋಚ್ನೆ ಮಾಡಿ ಹೇಳ್ತೀನಿ."

ಜೋಳದ ಕೊಯ್ಲು ಮುಗಿಯಿತು. ಹಿಮ ಬಿತ್ತು, ಕರಗಿತು. ಅವನು ಹೇಳಲಿಲ್ಲ. ಒಂದೆರಡು ಸಲ ತಾನೇ ನೆನಪಿಸೋಣ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಅಪ್ಪ ಹಾಲಿನ ಸೋಸುಬಟ್ಟೆ ಬದಲಿಸುತ್ತ, "ಇವತ್ತು ಎಂಟು ಹಸು ನಿಂದು" ಅಂದುಬಿಡುತ್ತಿದ್ದ. ಆ ಶಿಕ್ಷೆಯ ಬಾಕಿ ಹಾಗೆಯೇ ಉಳಿಯಿತು.