ಕೆಂಡ ಆರದಷ್ಟು ಗಾಳಿ

"ನಿಧಾನ ತಾಯಿ, ನಿಧಾನ! ಹೊಟ್ಟೆ ಉಬ್ಬುತ್ತಾ ಇದೆ ನೋಡು," ಎಂದು ಸಿಸ್ಟರಮ್ಮ ಕೂಗಿದಳು.

ಕಮ್ಮಾರನ ಹೆಂಡತಿಯ ಕೈ ನಿಲ್ಲಲಿಲ್ಲ. ಮದುವೆಯಾಗಿ ಬಂದಂದಿನಿಂದ ಕುಲುಮೆಯಲ್ಲಿ ತಿದಿ ಒತ್ತಿ ಪಳಗಿದ ಕೈ ಅದು. ಬೆಳಗಿನಿಂದ, ಉಸಿರು ನಿಂತ ಕಮ್ಮಾರನಿಗೆ ಗಾಳಿ ತುಂಬುವ ರಬ್ಬರ್ ಚೀಲ ಒತ್ತಿ ಒತ್ತಿ ಸಿಸ್ಟರಮ್ಮನ ಬೆರಳು ಸೆಟೆದುಕೊಂಡಿದ್ದವು. ಅದರ ಮಾಸ್ಕನ್ನು ಅವನ ಬಾಯಿಮೂಗಿಗೆ ಬಿಗಿಯಾಗಿ ಹಿಡಿಯುವುದಷ್ಟನ್ನೇ ತಾನಿಟ್ಟುಕೊಂಡು, ಚೀಲವನ್ನು ಅವಳ ಕೈಗೆ ಕೊಟ್ಟಿದ್ದಳು. ಕೊಟ್ಟದ್ದೇ ತಡ, ಅವಳು ಕಬ್ಬಿಣ ಕೆಂಪಗೆ ಕಾಯಬೇಕು ಅನ್ನುವ ಹಾಗೆ ಬುಸಬುಸನೆ ಒತ್ತತೊಡಗಿದ್ದಳು. ಗಾಳಿ ಎದೆಗೆ ಇಳಿಯದೆ ಹೊಟ್ಟೆಗೆ ನುಗ್ಗುತ್ತಿತ್ತು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರಿನ ದಾರಿಗೆ ಇಳಿದರೆ ಅಲ್ಲಿಗೆ ಮುಗಿದ ಹಾಗೆ.

"ಇಲ್ಲಿ ಕೇಳು. ಅವನು ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿಕೊಂಡು ಕೂರ್ತಾನಲ್ಲ, ಆಗ ಹೇಗೆ ಒತ್ತುತೀಯ?"

"ಆಗ... ಕೆಂಡ ಆರದಷ್ಟು, ಅಷ್ಟೇ."

"ಅಷ್ಟೇ ಬೇಕು. ಅದಕ್ಕಿಂತ ಹೆಚ್ಚು ಬೇಡ."

ಅವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಮೆಲ್ಲಗೆ ಒತ್ತಿತು, ಮೆಲ್ಲಗೆ ಬಿಟ್ಟಿತು. ಕಮ್ಮಾರನ ಎದೆ ತುಸು ಎದ್ದು, ತುಸು ತಗ್ಗಿತು.

ನಸುಕಿನಲ್ಲಿ ಹಾಸಿಗೆಯೊಳಗೇ ಕಟ್ಟುಹಾವು ಕಚ್ಚಿತ್ತು. ಇರುವೆ ಕಡಿದಷ್ಟೂ ಗುರುತಿರಲಿಲ್ಲ. ರೆಪ್ಪೆ ಜೋಲಿಸಿಕೊಂಡು ಎದ್ದು ಬಂದವನನ್ನು ನೋಡಿ ಹೆಂಡತಿ, "ರಾತ್ರಿಯೆಲ್ಲ ಯಾರ ಮನೆ ಕಾದ್ರಿ?" ಎಂದು ಹಂಗಿಸಿದ್ದಳು. ಅವನು ಏನೋ ಅನ್ನಲು ಹೋದಾಗ ನಾಲಿಗೆ ತೊದಲಿತು. ಅವನ ಅಣ್ಣ ಕೈಗಾಡಿಯಲ್ಲಿ ಹಾಕಿಕೊಂಡು ಗುಡ್ಡದ ಮೇಲಿನ ಈ ಎರಡು ಕೋಣೆಯ ಆರೋಗ್ಯ ಕೇಂದ್ರಕ್ಕೆ ತರುವಷ್ಟರಲ್ಲಿ ಉಗುಳು ನುಂಗುವ ಶಕ್ತಿಯೂ ಹೋಗಿತ್ತು. ಲಕ್ಷಣ ನೋಡಿಯೇ ಸಿಸ್ಟರಮ್ಮ ಹಾವೆಂದು ತಿಳಿದಿದ್ದಳು; ಶೀತಪೆಟ್ಟಿಗೆಯಲ್ಲಿದ್ದ ವಿಷ ಇಳಿಸುವ ಮದ್ದೆಲ್ಲ ಆಗಲೇ ಅವನ ರಕ್ತ ಸೇರಿತ್ತು. ಡಾಕ್ಟರು ಬರುವುದು ವಾರಕ್ಕೊಮ್ಮೆ. ಉಸಿರಾಟದ ಯಂತ್ರವಿದ್ದ ಗಾಡಿ ಪೇಟೆಯಿಂದ ಹೊರಟಿತ್ತು, ಆದರೆ ಘಾಟಿಯಲ್ಲಿ ಗುಡ್ಡ ಕುಸಿದು, ಸುತ್ತುದಾರಿ ಹಿಡಿದಿತ್ತು. ನೀರಿನ ಟ್ಯಾಂಕು ಹತ್ತಿದರೆ ಮಾತ್ರ ಫೋನು ಸಿಗುತ್ತಿತ್ತು. ಅಣ್ಣ ಹತ್ತಿ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದ.

"ಗಾಡಿ ಎಲ್ಲಿದೆ ಅಂತ ಅವ್ರಿಗೇ ಗೊತ್ತಿಲ್ಲ," ಎಂದ. ತಮ್ಮನ ಮುಖ ನೋಡಿದ. "ಸಾಕು ಬಿಡಿ ಸಿಸ್ಟರಮ್ಮಾ. ಕಣ್ಣು ಕಲ್ಲಾಗಿದೆ. ಹೋದ ಜೀವಕ್ಕೆ ಯಾಕೆ ಹಿಂಸೆ? ಬಿಟ್ಟುಬಿಡಿ, ಮನೆಗೆ ತಗೊಂಡು ಹೋಗ್ತೀನಿ."

"ಬಾಯಿ ಮುಚ್ಚಿ ಅಣ್ಣಾ! ಅವನಿಗೆ ಕೇಳಿಸ್ತಾ ಇರುತ್ತೆ."

ಗದರಿದಳೇನೋ ಸರಿ, ಆದರೆ ಸಿಸ್ಟರಮ್ಮನಿಗೇ ಖಾತ್ರಿಯಿರಲಿಲ್ಲ. ಈ ವಿಷ ಬದುಕಿದ್ದವನನ್ನೇ ಹೆಣದ ಹಾಗೆ ಮಲಗಿಸುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದು ಬೇರೆ, ಅಂಗೈ ಕೆಳಗೆ ಒಂದು ಮುಖ ತಣ್ಣಗಾಗುತ್ತಿರುವಂತೆ ಅನಿಸುವುದು ಬೇರೆ. ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟಾಗ ಕಣ್ಣಿನ ಕಪ್ಪು ಕುಗ್ಗಿರಲಿಲ್ಲ. ಕುತ್ತಿಗೆಯಲ್ಲಿ ನಾಡಿಯೇನೋ ಇತ್ತು. ಆದರೆ ಈ ದೇಹವೆಂಬ ಮನೆಯ ಯಜಮಾನ ಒಳಗಿದ್ದಾನೋ, ಬಾಗಿಲು ತೆರೆದಿಟ್ಟು ಹೊರಟೇಹೋಗಿದ್ದಾನೋ? ಭಗವಂತಾ, ಒಂದು ಗುರುತು ಕೊಡು, ಎಂದು ತುಟಿ ಅಲ್ಲಾಡಿಸದೆ ಬೇಡಿಕೊಂಡಳು. ಅಣ್ಣ ಮತ್ತೊಂದು ಸಲ 'ಬಿಡಿ' ಅಂದರೆ, ಆ ಹೆಂಗಸಿನ ಕೈ ನಿಂತರೆ, ತನ್ನೊಬ್ಬಳಿಂದ ಗಾಡಿ ಬರುವವರೆಗೆ ಆಗುವುದಿಲ್ಲ.

"ಕೇಳಿಸ್ತದಾ ಇವ್ರಿಗೆ?" ಎಂದಳು ಹೆಂಡತಿ.

"ಕೇಳಿಸುತ್ತೆ. ಮಾತಾಡು."

ಅವಳು ಚೀಲ ಒತ್ತುತ್ತಲೇ ಬಗ್ಗಿದಳು. "ರೀ, ತಿದಿ ಒತ್ತೋಕೆ ಬರಲ್ಲ ನಿಂಗೆ ಅಂತ ದಿನಾ ಹೆಸರಿಡ್ತಿದ್ರಲ್ಲ? ಇವತ್ತು ಇಡಿ ನೋಡೋಣ. ಬೈರಿ. ಬೆಳಗ್ಗೆ ನಾನಂದದ್ದಕ್ಕಾದ್ರೂ ಬೈರಿ." ಮೂಗಿನ ತುದಿಯಿಂದ ಹನಿಯೊಂದು ಚೀಲದ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಕಮ್ಮಾರನಲ್ಲಿ ಏನೂ ಕದಲಲಿಲ್ಲ.

ಅಣ್ಣ ಗೋಡೆಗೆ ಒರಗಿದ್ದವನು ಸರಿದು ಹತ್ತಿರ ಬಂದ. "ಸಿಸ್ಟರಮ್ಮಾ, ನಿಜವಾಗ್ಲೂ ಎಲ್ಲಾ ಕೇಳಿಸಿರುತ್ತಾ? ನಾನಂದದ್ದೂ?"

"ಕಾಲ್ಬೆರಳಿನ ಶಕ್ತಿ ಕೆಲವರಿಗೆ ಕೊನೇತನಕ ಉಳಿದಿರುತ್ತೆ. ನೀವೇ ಹಿಡಿದು ಕೇಳಿ."

ಅವನು ಮಂಡಿಯೂರಿ ತಮ್ಮನ ಪಾದವನ್ನು ಎರಡೂ ಕೈಯಲ್ಲಿ ಹಿಡಿದ. ಹೆಬ್ಬೆರಳಿನ ಉಗುರಿನಂಚಿಗೆ ಇದ್ದಿಲ ಮಸಿ ಕೂತಿತ್ತು.

"ತಮ್ಮಾ... ಬಿಟ್ಟುಬಿಡಿ ಅಂದೆನಲ್ಲೋ. ಕೇಳಿಸ್ತೇನೋ ನಿಂಗೆ?" ಹೆಬ್ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. "ಕೇಳಿಸಿದ್ರೆ ಬೆರಳು ಅಲ್ಲಾಡಿಸು."

ಕಿಟಕಿಯ ಪರದೆ ಒಮ್ಮೆ ಉಬ್ಬಿ ಇಳಿಯಿತು. ಹೆಂಡತಿಯ ಕೈ ಚೀಲವನ್ನು ಒತ್ತಿತು, ಬಿಟ್ಟಿತು.

ಮಸಿ ಕೂತ ಹೆಬ್ಬೆರಳು ಅವನ ಅಂಗೈಯೊಳಗೆ ಒಂದು ಸಲ ಮೆಲ್ಲಗೆ ಬಾಗಿತು.

ಅಣ್ಣ ಆ ಪಾದವನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಎದ್ದು, ಅಂಗಿಗೆ ಕೈ ಒರೆಸಿಕೊಂಡು, ತಮ್ಮನ ತಲೆಯ ಬಳಿ ಕೂತ.

"ನಂಗೆ ಕೊಡಮ್ಮಾ," ಎಂದ. "ನೀನು ಸ್ವಲ್ಪ ದಣಿವಾರಿಸ್ಕೋ."

"ಜೋರಾಗಿ ಬೇಡ ಬಾವಾ. ಕೆಂಡ ಆರದಷ್ಟು."

"ಹ್ಞೂಂ."

ಕೆಳಗೆಲ್ಲೋ ತಿರುವಿನಲ್ಲಿ ಗಾಡಿಯ ಸದ್ದು ಕೇಳಿಸಿದ ಹಾಗಾಯಿತು, ಗಾಳಿಯೂ ಇರಬಹುದು. ಬಾಗಿಲ ಕಡೆ ನೋಡಿದವಳು ಸಿಸ್ಟರಮ್ಮ ಒಬ್ಬಳೇ. ಕಮ್ಮಾರನ ಹೆಂಡತಿ ಬಾವನ ಕೈಯನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ಖಾಲಿ ಮಡಿಲಲ್ಲಿ ಮೆಲ್ಲಗೆ ಮುಚ್ಚಿ, ಮೆಲ್ಲಗೆ ತೆರೆದುಕೊಳ್ಳುತ್ತಿದ್ದವು.