ಪುಷ್ಪಕ್ಕನ ಹಿತ್ತಾಳೆ ತಾಟು

ಪುಷ್ಪಲತಾ ಅವರ ಬಾಯಿಂದ ‘ಖಂಡಿತ’ ಎಂಬ ಶಬ್ದ ಹೊರಟದ್ದನ್ನು ಕೇಳಿದವರು ರಾಣೇಬೆನ್ನೂರಿನಲ್ಲಿ ಯಾರೂ ಇಲ್ಲ. ಬೀಜದ ಅಂಗಡಿ ನಡೆಸುವವರಿಗೆ ಈ ಶಬ್ದವಿಲ್ಲದೆ ಒಂದು ದಿನವೂ ಸಾಗದು. ಬೆಳೆ ಬರಲಿ ಬಿಡಲಿ, ಮಾತಾದರೂ ಹುಲುಸಾಗಿರಬೇಕು. ಈಕೆ ಮಾತ್ರ, ಮೇಡ್ಲೇರಿಯ ರೈತನೊಬ್ಬ ಮೆಣಸಿನ ಬೀಜದ ಪಾಕೀಟು ಹಿಡಿದು ‘ಚಲೋ ಬರತೈತೇನ್ರಿ?’ ಎಂದು ಕೇಳಿದರೆ, ಕನ್ನಡಕವನ್ನು ಹಣೆಗೇರಿಸಿ, ‘ಬೀಜ ಚಲೋ ಐತಿ. ಮುಂದಿಂದು ಹೇಳಾಕ ಬರೂದಿಲ್ಲ, ನೋಡೂಣು’ ಎನ್ನುತ್ತಾರೆ. ಇಂಥ ಉತ್ತರ ಕೊಟ್ಟೂ ಅಂಗಡಿ ನಡೆಯುತ್ತಿರುವುದು ಪೇಟೆಯ ಉಳಿದ ವ್ಯಾಪಾರಿಗಳಿಗೆ ಇನ್ನೂ ಬಗೆಹರಿದಿಲ್ಲ.

ಐವತ್ತು ದಾಟಿದ, ಗಿಡ್ಡನೆಯ ಹೆಂಗಸು. ಕಳೆದುಹೋದ ವಸ್ತುವನ್ನು ಹುಡುಕುವವರಂತೆ ತಲೆ ಬಗ್ಗಿಸಿ ಬಿರಬಿರನೆ ನಡೆಯುತ್ತಾರೆ. ಉರಿಬಿಸಿಲಿನಲ್ಲೂ ಸೀರೆಯ ಮೇಲೊಂದು ಕಂದು ಕೋಟು, ಅದೂ ಗಂಡಸರದು. ಯಾಕೆಂದು ಕೇಳಿದರೆ ‘ಸೀರಿಗೆ ಕಿಸೆ ಇಡೂದು ಯಾರಿಗೂ ಹೊಳೀಲಿಲ್ಲ, ಅದಕ್ಕ’ ಎಂದು ಮುಗಿಸುತ್ತಾರೆ. ಒಂದು ಕಿಸೆಯಲ್ಲಿ ಮಾದರಿ ಬೀಜ, ಇನ್ನೊಂದರಲ್ಲಿ ದಾಳ. ಒಮ್ಮೊಮ್ಮೆ ಎರಡೂ ಬೆರೆತು, ಗಿರಾಕಿಯ ಅಂಗೈಗೆ ಬೆಂಡೆಬೀಜದ ಜೊತೆ ಇಪ್ಪತ್ತು ಮುಖದ ದಾಳವೊಂದು ಬೀಳುವುದೂ ಉಂಟು.

ಆ ದಾಳ ಇವರ ಕೈಗೆ ಬಂದದ್ದು ಕೊರೊನಾಕ್ಕೆ ಊರೆಲ್ಲ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ. ತಮ್ಮನ ಮಗಳು ರಂಜನಾ ಹುಬ್ಬಳ್ಳಿಯ ವಸತಿನಿಲಯದಿಂದ ಬರುವಾಗ ಒಂದು ಪೆಟ್ಟಿಗೆ ತಂದಿದ್ದಳು. ಮೇಜಿನ ಸುತ್ತ ನಾಲ್ಕಾರು ಜನ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ಒಬ್ಬರು ನಡೆಸುವ ಕಥೆಯೊಳಗೆ ಬಾಯಿಮಾತಿನಲ್ಲೇ ಸಂಚರಿಸುವ ಆಟ ಅದು. ಗೆಲುವೋ ಸೋಲೋ ಸಂದೇಹ ಬಂದಲ್ಲಿ ದಾಳ ಉರುಳಿಸಬೇಕು; ದೊಡ್ಡ ಅಂಕಿ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಸೋಲು. ಮಾತು ಬರೆದಿಡದ, ನೋಡುವವರೂ ಇಲ್ಲದ ಬಯಲಾಟ ಎಂದರೆ ನಮ್ಮವರಿಗೆ ಲಗೂನೆ ತಿಳಿಯುತ್ತದೆ. ಪೆಟ್ಟಿಗೆಯೊಳಗಿನ ನಿಯಮಪುಸ್ತಕದಲ್ಲಿದ್ದ ಹಿಮದ ಬೆಟ್ಟ, ಬೆಂಕಿ ಕಾರುವ ಸರ್ಪಗಳನ್ನೆಲ್ಲ ಪುಷ್ಪಲತಾ ಪಕ್ಕಕ್ಕಿಟ್ಟು, ಐರಣಿಯ ಕೋಟೆ, ತುಂಗಭದ್ರೆಯ ಮಡು, ಕೃಷ್ಣಮೃಗ ತಿರುಗಾಡುವ ಕುರುಚಲು ಕಾಡು, ಇವುಗಳನ್ನೇ ಹಾಸಿ ತಮ್ಮದೊಂದು ಲೋಕ ಕಟ್ಟಿದರು. ಅಂಗಡಿಯ ಅಟ್ಟದ ಮೇಲೆ, ಚೀಲಗಳ ನಡುವೆ, ರವಿವಾರದ ಮಧ್ಯಾಹ್ನ ಮೊದಲ ಮೇಜು ಕೂಡಿತು. ನಾನು ಹಾವೇರಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ‘ಇದೆಂಥ ಹುಡುಗಾಟ, ನೋಡಿ ಬರೋಣ’ ಎಂದು ಹೋದವನು ಪ್ರತಿ ರವಿವಾರ ಹೋಗತೊಡಗಿದೆ.

ಆಟ ಹಬ್ಬಿದ ರೀತಿಯನ್ನು ಏನೆನ್ನಲಿ! ಎರಡು ವರ್ಷದೊಳಗೆ ಹಾವೇರಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಮೇಜು ಬಿತ್ತು. ಅಲ್ಲಿಯವರು ದಾಳ ಬಿದ್ದ ಮೇಲೂ ಅಪೀಲು ಹಾಕುತ್ತಾರೆಂಬ ದೂರು ಇವತ್ತಿಗೂ ಇದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮು ಮುಗಿದು ವ್ಯಾಪಾರಿಗಳ ಕೈ ಖಾಲಿಯಾದ ತಿಂಗಳುಗಳಲ್ಲಿ ಗೋದಾಮಿನೊಳಗೇ ಆಟ. ರಾಜಕುಮಾರಿಯ ಸೆರೆ ಬಿಡಿಸುವ ಗಂಭೀರ ಘಳಿಗೆಯಲ್ಲಿ ಸುತ್ತಲಿನವರೆಲ್ಲ ಸಾಲಾಗಿ ಸೀನುತ್ತಾರೆ. ಕಾಲೇಜಿನ ಹುಡುಗಿಯರು, ಔಷಧದ ಅಂಗಡಿಯವರು, ನಿವೃತ್ತ ಗುಮಾಸ್ತರು, ಎಲ್ಲರೂ ಬಂದರು. ಯಾವ ಊರಿನ ಮೇಜಾದರೂ ಮೊದಲು ಕೂತು ಕಲಿತದ್ದು ಪುಷ್ಪಕ್ಕನ ಅಟ್ಟದಲ್ಲೇ.

ಹಾವೇರಿಯ ದನದ ದಲ್ಲಾಳಿ ಹೇಮಪ್ಪ ಮೊದಲ ಸಲ ಬಂದ ದಿನ ಕಥೆಯಲ್ಲೊಬ್ಬ ರಾಕ್ಷಸ ಸೇತುವೆಯ ಸುಂಕ ಕೇಳಿದ. ಹೇಮಪ್ಪ ಕತ್ತಿ ಹಿರಿಯಲಿಲ್ಲ. ರೂಢಿಯ ಪ್ರಕಾರ ಹೆಗಲ ವಸ್ತ್ರ ತೆಗೆದ. ದನದ ಸಂತೆಯಲ್ಲಿ ದರ ಕುದುರುವುದು ವಸ್ತ್ರದ ಮರೆಯಲ್ಲಿ, ಬೆರಳು ಮುಟ್ಟಿ. ಆದರೆ ರಾಕ್ಷಸನ ಪರವಾಗಿ ಎದುರಿಗಿರುವುದು ಕಥೆ ನಡೆಸುವ ಹೆಣ್ಣುಮಗಳ ಕೈ. ಅವನು ತಬ್ಬಿಬ್ಬಾಗಿ ಕೂತಾಗ ಪುಷ್ಪಲತಾ ತಾವೇ ಕೋಟಿನ ತೋಳು ಏರಿಸಿ ಕೈ ಚಾಚಿದರು. ‘ಈಗ ನಾ ಪುಷ್ಪಲತಾ ಅಲ್ಲರಿ, ರಾಕ್ಷಸ ಅದೇನಿ. ವಸ್ತ್ರ ಹಾಕ್ರಿ.’ ವ್ಯಾಪಾರ ಬಹಳ ಹೊತ್ತು ನಡೆದು, ರಾಕ್ಷಸನೇ ಸೋತ.

ಇಷ್ಟು ಸಡಿಲವಾಗಿ ನಡೆಸುತ್ತಿದ್ದವರು ಒಂದು ವಿಷಯದಲ್ಲಿ ಮಾತ್ರ ಕಲ್ಲು. ಕಥೆ ನಡೆಸುವವರು ತಮ್ಮ ದಾಳವನ್ನು ಅಡ್ಡಮರೆಯಲ್ಲಿ ಉರುಳಿಸಬಹುದೆಂದು ಪುಸ್ತಕ ಹೇಳುತ್ತದಂತೆ. ಬೇಕಾದರೆ ಒಂದಿಷ್ಟು ದಯೆ ತೋರಿಸಲು ಅನುಕೂಲ. ಪುಷ್ಪಲತಾ ಅದನ್ನು ಒಪ್ಪಲಿಲ್ಲ. ಮೇಜಿನ ನಡುವೆ ಹಿತ್ತಾಳೆಯ ತಾಟಿಟ್ಟು, ಎಲ್ಲರ ಕಣ್ಣೆದುರು ಠಣ್ಣೆಂದು ಬೀಳಿಸುವರು. ‘ಮುಚ್ಚಿ ಹಾಕಿದ್ರ ನಿಮ್ಮ ಗೆಲುವೂ ನಿಮ್ದಲ್ಲ, ಸೋಲೂ ನಿಮ್ದಲ್ಲ’ ಎನ್ನುತ್ತಿದ್ದರು. ತೀರಿಹೋದ ಪಾತ್ರ ತೀರಿಹೋಯಿತು, ಅತ್ತರೂ ಕರೆದರೂ ತಿರುಗಿ ಬಾರದು.

ಗುತ್ತಲದಿಂದ ಬಸ್ಸು ಹಿಡಿದು ಬರುತ್ತಿದ್ದ ಅಂಜಿನಪ್ಪ ನಮ್ಮ ಮೇಜಿನ ಹಿರಿಯ. ಸರಕಾರಿ ಬಸ್ಸಿನ ಚಾಲಕನಾಗಿ ನಿವೃತ್ತನಾದವನು. ಆಟದಲ್ಲಿ ಕಳ್ಳನ ಪಾತ್ರವನ್ನೇ ಕೇಳಿ ಪಡೆದಿದ್ದ. ‘ಜೀವಮಾನ ಎಲ್ಲಾ ಸೀದಾ ರಸ್ತಾದಾಗ ಹೋಗೇನಿ. ಇನ್ನರ ಸ್ವಲ್ಪ ಅಡ್ಡಹಾದಿ ಹಿಡೀತೀನಿ’ ಎಂದಿದ್ದ. ಕೆಂಚ ಎಂಬ ಆ ಕಳ್ಳ ಗೋಡೆ ಹಾರುವುದನ್ನು, ಮುದುಕನ ಮುಖದಲ್ಲಿ ಆಗ ಮೂಡುವ ತುಂಟತನವನ್ನು ನೋಡಲೆಂದೇ ನಾವು ಕಾಯುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಅವನು ಮೈ ಇಳಿದು ಸೊರಗಿದ. ಒಂದು ದಿನ ಅವನ ಹೆಂಡತಿ ಸುಶೀಲವ್ವ ಒಬ್ಬಳೇ ಅಂಗಡಿಗೆ ಬಂದಳು. ‘ಕ್ಯಾನ್ಸರ್ ಅಂತರಿ. ಭಾಳ ದಿನ ಇಲ್ಲಂತ. ಅವರಿಗೆ ಹೊಟ್ಟ್ಯಾಗ ಹುಣ್ಣು ಆಗೇತಿ ಅಂತ ಅಷ್ಟ ಹೇಳೀವಿ. ನೀವೂ ಬಾಯಿ ಬಿಡಬ್ಯಾಡ್ರಿ, ಆಣಿ ಮಾಡ್ರಿ’ ಎಂದು ಕೈ ಹಿಡಿದಳು. ನಮ್ಮ ಕಡೆಯ ಮನೆಗಳಲ್ಲಿ ಇದೇನು ಹೊಸದಲ್ಲ. ರೋಗಿಯೊಬ್ಬನನ್ನು ಬಿಟ್ಟು ಓಣಿಗೆಲ್ಲ ಗೊತ್ತಿರುತ್ತದೆ. ಅದನ್ನು ನಾವು ಪ್ರೀತಿ ಎಂದೇ ತಿಳಿದಿದ್ದೇವೆ. ಪುಷ್ಪಲತಾ ಮಾತು ಕೊಟ್ಟರು.

ಮುಂದಿನ ರವಿವಾರ ಅಟ್ಟ ಹತ್ತಿದಾಗ ಮೇಜಿನ ಮೇಲೆ ತಾಟಿರಲಿಲ್ಲ. ಅದರ ಜಾಗದಲ್ಲಿ ಬೀಜದ ಖಾಲಿ ಡಬ್ಬಿಯೊಂದನ್ನು ಅಡ್ಡ ನಿಲ್ಲಿಸಿದ್ದರು. ಅದರ ಹಿಂದೆ ದಾಳ ಉರುಳುವುದು, ಪುಷ್ಪಲತಾ ಇಣುಕುವುದು, ಕೆಂಚ ಪಾರಾಗುವುದು. ಬಾಣ ಕಿವಿ ಸವರಿ ಹೋಯಿತು. ಕಾವಲುಗಾರ ನಿದ್ದೆ ಹೋದ. ಹೇಮಪ್ಪನಿಗೂ ನನಗೂ ಸುಶೀಲವ್ವನಿಂದಲೇ ವಿಷಯ ತಿಳಿದಿತ್ತು. ನಾವೂ ‘ಶಾಬಾಸ್ ಅಂಜಿನಪ್ಪಣ್ಣ’ ಎನ್ನುತ್ತ ಕೂತೆವು. ಕೆಲವು ವಾರ ಹೀಗೇ ನಡೆಯಿತು.

ಆ ದಿನ ಕೆಂಚ ಮಹಾಪೂರದ ಹೊಳೆ ಈಜಬೇಕಿತ್ತು. ದಾಳ ಡಬ್ಬಿಯ ಹಿಂದೆ ಬಿತ್ತು. ‘ದಾಟಿದ್ರಿ’ ಎಂದರು ಪುಷ್ಪಲತಾ. ಅಂಜಿನಪ್ಪ ನಗಲಿಲ್ಲ.

‘ಅಕ್ಕಾರ, ನನಗ ದೊಡ್ಡ ಜಡ್ಡು ಐತೇನು?’

ಅವನೇ ಮುಂದುವರಿಸಿದ: ‘ಮನ್ಯಾಗ ಎಲ್ಲಾರೂ ನಕ್ಕೋಂತ ಮಾತಾಡ್ತಾರ, ಡಾಕ್ಟರೂ ನಗತಾರ. ನಾ ನಂಬಿದ್ದೆ. ನೀವು ದಾಳ ಮುಚ್ಚಿದ ಮ್ಯಾಲೆ ಸಂಶೇ ಬಂತು.’

ಪುಷ್ಪಲತಾ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ‘ನಾ ಸುಶೀಲವ್ವಗ ಮಾತು ಕೊಟ್ಟೇನ್ರಿ’ ಎಂದರು.

‘ಹಂಗಾದ್ರ ತಿಳೀತು ಬಿಡ್ರಿ’ ಎಂದ ಅಂಜಿನಪ್ಪ. ‘ಡಬ್ಬಿ ತಗೀರಿ. ತಾಟು ಇಡ್ರಿ.’

ತಾಟು ಬಂತು. ದಾಳ ಉರುಳಿ ಮೂರರ ಮೇಲೆ ನಿಂತಿತು. ಹೇಮಪ್ಪ ‘ಇನ್ನೊಮ್ಮೆ ಹಾಕ್ರಿ, ಅಂಚಿಗೆ ಬಡದೈತಿ’ ಎಂದು ಗೋಗರೆದ. ಪುಷ್ಪಲತಾ ತಲೆಯಾಡಿಸಿ, ‘ಕೆಂಚ ನೀರಾಗ ಹೋದ’ ಎಂದರು.

‘ಹೆಂಗ ಹೋದ, ಹೇಳ್ರಿ’ ಎಂದು ಅಂಜಿನಪ್ಪ ಗೋಡೆಗೊರಗಿದ. ‘ಲಗೂ ಮುಗಿಸಬ್ಯಾಡ್ರಿ.’

ಅವರು ಹೇಳಿದರು. ನೀರು ಎಷ್ಟು ತಣ್ಣಗಿತ್ತು, ಕೆಂಚ ಹೆಗಲ ಗಂಟನ್ನು ದಂಡೆಯ ಗೆಳೆಯರತ್ತ ಹೇಗೆ ಎಸೆದ, ಅದರೊಳಗಿದ್ದುದನ್ನು ಯಾರ್‍ಯಾರಿಗೆ ಕೊಡಿ ಎಂದು ಕೂಗಿದ, ಎಲ್ಲವನ್ನೂ. ಹೆಸರು ಹೇಳುವ ಸರದಿಯನ್ನು ಅಂಜಿನಪ್ಪನಿಗೇ ಬಿಟ್ಟರು. ಅವನು ಒಬ್ಬೊಬ್ಬರದೇ ಹೆಸರು ಹೇಳಿದ. ಕೊನೆಗೆ ಹೇಳಿದ್ದು ಕಥೆಯೊಳಗೆ ಇಲ್ಲದ ಹೆಸರು, ಸುಶೀಲವ್ವನದು. ನಾನು ಅಟ್ಟದ ಕಿಟಕಿಯ ಕಡೆ ತಿರುಗಿ ಕೂತು ಅತ್ತೆ.

ಮರುದಿನ ಸುಶೀಲವ್ವ ಅಂಗಡಿಗೆ ಬಂದು ಬಾಯಿಗೆ ಬಂದಂತೆ ಬೈದಳು. ಪುಷ್ಪಲತಾ ಎದುರಾಡದೆ ನಿಂತು ಕೇಳಿಕೊಂಡರು. ಆಮೇಲೆ ಪ್ರತಿ ರವಿವಾರ, ಆಟ ಮುಗಿದ ಮೇಲೆ, ತಾವೇ ಗುತ್ತಲದ ಬಸ್ಸು ಹತ್ತಿ ಹೋಗಿ ಅಂಜಿನಪ್ಪನ ಹಾಸಿಗೆಯ ಬದಿಗೆ ಕೂತು ಬರುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ತೀರಿಕೊಂಡ. ಮಾತಾಡಿಸಲು ಹೋದಾಗ ಸುಶೀಲವ್ವ ನನಗೆ ಹೇಳಿದಳು: ‘ಕಡೀ ಎರಡು ತಿಂಗಳು ನಾವಿಬ್ರೂ ಕುಂತು ಮಾತಾಡಿದ್ವಿರಿ. ಮದಿವ್ಯಾದಾಗಿಂದ ಅಷ್ಟು ಮಾತಾಡಿದ್ದಿಲ್ಲ.’

ಈ ಆಟ ಮೂರೂರಿಗೆ ಯಾಕೆ ಹಬ್ಬಿತೆಂದು ಜನ ನನ್ನನ್ನು ಕೇಳುತ್ತಾರೆ. ಮನರಂಜನೆ ಎಂದು ಹೇಳಿ ನಾನು ಸುಮ್ಮನಾಗುತ್ತೇನೆ. ಎದೆಯೊಳಗಿನ ಉತ್ತರ ಬೇರೆ ಇದೆ. ನಮ್ಮವರನ್ನು ನೋಯಿಸಬಾರದೆಂದು ಸುಳ್ಳು ಹೇಳುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ, ಅವರ ಪ್ರೀತಿಯಲ್ಲಿ ಕೊರತೆಯೇನಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದ್ದುಹೋಗುವ ನಿಷ್ಠುರರೂ ಬೇಕಾದಷ್ಟು ಸಿಗುತ್ತಾರೆ. ಹೇಳಿದ ಮೇಲೆ ಎದ್ದು ಹೋಗದೆ, ಕೇಳಿದವನ ಪಕ್ಕದಲ್ಲೇ ಕೊನೆಯವರೆಗೂ ಕೂತಿರುವವರು ಅಪರೂಪ. ಅಂಥವರ ಎದುರಿಗೆ ಮನುಷ್ಯ ಸಾಯುವುದಕ್ಕೂ ಹೆದರುವುದಿಲ್ಲ.