ಹಳ್ಳಕ್ಕೆ ಪೈಪು ಹಾಕುವ ಮೊದಲು

ಮೇಸ್ತ್ರಿಯ ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ. ದಾಟಲು ಏಳು ಕಲ್ಲು. ಪಾರ್ಶ್ವವಾಯು ಹೊಡೆದ ತಾಯಿಯನ್ನು ವಾರಕ್ಕೆರಡು ಸಲ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯಬೇಕು. ಬೇಸಿಗೆಯಲ್ಲಿ ಬೆನ್ನ ಮೇಲೆ ಹೊತ್ತು ದಾಟಿಸುತ್ತಾನೆ. ಮಳೆಗಾಲದಲ್ಲಿ ಕಲ್ಲುಗಳೇ ಕಾಣುವುದಿಲ್ಲ. ಹೋದ ವರ್ಷ ಆರು ವಾರ ಆಸ್ಪತ್ರೆ ತಪ್ಪಿತು. ಸಡಿಲವಾಗುತ್ತಿದ್ದ ತಾಯಿಯ ಎಡಗೈ ಮತ್ತೆ ಬಿಗಿದುಕೊಂಡಿತು.

ಈ ಸಲ ಹಾಗಾಗಬಾರದೆಂದು ಮೇಸ್ತ್ರಿ ಎರಡು ಸಿಮೆಂಟ್ ಪೈಪು ತರಿಸಿದ. ಪೈಪುಗಳ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಂಕ್ರೀಟು. ಪಕ್ಕದ ಜೌಗು ನೆಲಕ್ಕೂ ಮಣ್ಣು ಸುರಿದರೆ ಗಾಡಿ ತಿರುಗಿಸಲು ಜಾಗ. ಮೂರು ದಿನದ ಕೆಲಸ.

ಪೈಪು ಇಳಿಸಿದ ದಿನವೇ ಅವನ ಹೆಂಡತಿಯ ಗೆಳತಿ ಬಂದಳು. ನದಿ, ಹಳ್ಳ, ಕೆರೆಗಳ ಕೆಲಸಕ್ಕೆ ಅನುಮತಿ ಕೊಡುವ ಕಚೇರಿಯಲ್ಲಿ ಅವಳಿಗೆ ಅಳತೆಯ ಕೆಲಸ. ಚೀಲದಲ್ಲಿ ಸದಾ ಟೇಪು ಇರುವುದರಿಂದ ಎಲ್ಲರಿಗೂ ಅವಳು ಟೇಪಕ್ಕ.

"ಅನುಮತಿ ಆಯ್ತಾ ಮೇಸ್ತ್ರಿ?"

"ನನ್ನ ಮನೆ ಮುಂದಿನ ಹಳ್ಳಕ್ಕೆ ಯಾರ ಅನುಮತಿ? ಇದೇನು ದೊಡ್ಡ ಅಣೆಕಟ್ಟಾ?"

"ಅಳತೆ ಯಾವಾಗ ಮಾಡಿದ್ರಿ?"

"ಮೊನ್ನೆ. ನೀರು ಪಾದ ಮುಳುಗೋಷ್ಟಿತ್ತು. ಎರಡು ಪೈಪು ಧಾರಾಳ."

"ಮಲಗಿರೋರನ್ನ ನೋಡಿ ಬಾಗಿಲಿನ ಎತ್ತರ ಇಟ್ಟಂಗಾಯ್ತು," ಎಂದಳು ಟೇಪಕ್ಕ.

ಮೇಸ್ತ್ರಿ ಸಿಡಿದ. "ನಿಮ್ಮ ಕಾಗದ ಬರೋ ಹೊತ್ತಿಗೆ ಮಳೆ ಬರುತ್ತೆ. ಅಮ್ಮನ್ನ ನೀವು ಬಂದು ಹೊತ್ಕೊಂಡು ಹೋಗ್ತೀರಾ?"

ಟೇಪಕ್ಕ ಗೋಡೆಗೆ ಒರಗಿಸಿದ್ದ ಅವನ ಮಟ್ಟದ ಟ್ಯೂಬಿನ ಕಡೆ ಕೈ ತೋರಿಸಿದಳು. ಗೋಡೆ ಎಬ್ಬಿಸುವಾಗ ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಟ್ಯೂಬು ಅದು. ಅದರ ಎರಡು ತುದಿ ಎಷ್ಟೇ ದೂರವಿರಲಿ, ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

"ನಿಮ್ಮ ದಾರಿ ಎಲ್ಲಿ ತನಕ ಎತ್ತರ ಬರುತ್ತೆ? ಒಂದು ಗೂಟ ಹೊಡೀರಿ. ಆ ಮಟ್ಟನ ನಿಮ್ಮ ಅಕ್ಕನ ಮನೆ ತನಕ ಎಳ್ಕೊಂಡು ಹೋಗೋಣ."

ಅಕ್ಕನ ಮನೆ ಹಳ್ಳದ ಮೇಲ್ಗಡೆ, ಅರವತ್ತು ಹೆಜ್ಜೆ ದೂರ. ತಗ್ಗಿನ ಅಂಗಳದಲ್ಲಿ ಅವಳು ಸಸಿ ಬೆಳೆಸಿ ಮಾರುತ್ತಾಳೆ. ಟ್ಯೂಬನ್ನು ಮೂರು ಸಲ ಸರಿಸಿ, ಮೂರು ಗೂಟ ಹೊಡೆದು, ಕೊನೆಗೆ ಅವಳ ಬಾಗಿಲಿಗೆ ಹಿಡಿದರು. ಟ್ಯೂಬಿನ ನೀರು ಹೊಸ್ತಿಲಿಗಿಂತ ಒಂದು ಗೇಣು ಮೇಲೆ ನಿಂತಿತು.

ಮೇಸ್ತ್ರಿ ಗಾಳಿಗುಳ್ಳೆ ಸೇರಿರಬೇಕೆಂದು ಟ್ಯೂಬು ಕೊಡವಿದ. ಮತ್ತೆ ಹಿಡಿದ. ಅದೇ ಗೇಣು.

"ಪ್ರವಾಹದಲ್ಲಿ ನೀರೊಂದೇ ಬರಲ್ಲ," ಎಂದಳು ಟೇಪಕ್ಕ. "ಕೊಂಬೆ, ಕಸ ಎಲ್ಲ ಬರುತ್ತೆ. ಪೈಪು ಕಟ್ಕೊಂಡ್ರೆ ನಿಮ್ಮ ದಾರಿನೇ ಅಣೆಕಟ್ಟು. ನೀರು ಅದನ್ನ ಹತ್ತಿ ದಾಟೋ ಮೊದಲು ಇಲ್ಲಿ ನಿಂತಿರುತ್ತೆ."

ಸಸಿಗಳಿಗೆ ನೀರು ಹಾಕುತ್ತಿದ್ದ ಅಕ್ಕ ಬಂದು ನೋಡಿದಳು. "ಹೋದ ವರ್ಷ ಮೆಟ್ಟಿಲು ಮುಟ್ಟಿ ವಾಪಸ್ ಹೋಯ್ತು ಕಣೋ. ನೀನು ಮನಸ್ಸು ಮಾಡಿದ್ರೆ ಈ ಸಲ ಒಳಗೆ ಬಂದು ಚಾಪೆ ಕೇಳುತ್ತೆ."

"ಮೆಟ್ಟಿಲು ಮುಟ್ಟಿದ್ದು ನನಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ಗೋಡೆಗಳಿಗೆ ಮಟ್ಟ ನೋಡಿದವನು ತನ್ನ ಅಕ್ಕನ ಬಾಗಿಲಿಗೆ ಒಮ್ಮೆಯೂ ಟ್ಯೂಬು ಹಿಡಿದಿರಲಿಲ್ಲ. ಮರುದಿನ ಬೆಳಿಗ್ಗೆಯೇ ಟೇಪಕ್ಕನ ಕಚೇರಿಗೆ ಅರ್ಜಿ ಕೊಟ್ಟ. ಜಾಗದ ನಕ್ಷೆ, ಎರಡೂ ದಡದ ಫೋಟೊ, ಹೋದ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತು, ಕೆಲಸ ಎಷ್ಟು ದಿನ ಎಂಬ ವಿವರ, ಎಲ್ಲ ಕೇಳಿದರು. ಕಚೇರಿಯವರು ಬಂದು ಜಾಗ ನೋಡಿದರು. ಪೈಪು ಬೇಡ, ಎರಡೂ ದಡದಲ್ಲಿ ಕಂಬ ನಿಲ್ಲಿಸಿ ಎತ್ತರದಲ್ಲಿ, ಗಾಲಿಕುರ್ಚಿ ಹತ್ತುವಂಥ ಇಳಿಜಾರಿನ ಕಾಲುಸೇತುವೆ ಮಾಡಿ ಎಂದರು. ಜೌಗು ಮುಚ್ಚುವುದು ಬೇಡ, ಹೆಚ್ಚಿದ ನೀರು ಮೊದಲು ನಿಲ್ಲುವುದೇ ಅಲ್ಲಿ ಎಂದರು. ಸಿಮೆಂಟು ತೊಳೆದ ನೀರು ಹಳ್ಳಕ್ಕೆ ಬಿದ್ದರೆ ಮೀನು ಸಾಯುತ್ತವೆ, ದೂರ ತೊಳೆಯಿರಿ ಎಂದರು. ಅನುಮತಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮೇಸ್ತ್ರಿ ದಿನಕ್ಕೆ ಹತ್ತು ಸಲ ಆಕಾಶ ನೋಡಿದ. ಪೈಪು ತಂದವನು ಬೈಯುತ್ತಲೇ ವಾಪಸ್ ಒಯ್ದ.

ಕಾಲುಸೇತುವೆ ಮುಗಿದು ಐದನೆಯ ದಿನ ಮಳೆ ಹಿಡಿಯಿತು.

ಹಳ್ಳ ತುಂಬಿ ಹರಿಯಿತು. ಬುಡಸಮೇತ ಕಿತ್ತುಬಂದ ಮರವೊಂದು ಸೇತುವೆಯ ಕೆಳಗೆ ನುಸುಳಿ ಮುಂದೆ ಹೋಯಿತು. ಜೌಗು ಕೆರೆಯಂತಾಯಿತು. ಅಕ್ಕನ ಮೆಟ್ಟಿಲು ಒದ್ದೆಯಾಯಿತು, ಹೊಸ್ತಿಲು ಒಣಗಿಯೇ ಇತ್ತು. ಆ ವಾರವೂ ತಾಯಿ ಗಾಲಿಕುರ್ಚಿಯಲ್ಲಿ ಕುಳಿತು ಸೇತುವೆ ದಾಟಿ ಆಸ್ಪತ್ರೆಗೆ ಹೋದಳು. ಮಳೆಗಾಲ ಮುಗಿಯುವಷ್ಟರಲ್ಲಿ ಎಡಗೈಯಲ್ಲಿ ಲೋಟ ಹಿಡಿಯತೊಡಗಿದಳು.

ಮೇಸ್ತ್ರಿ ಕಚೇರಿಗೆ ಹೋದ. ಟೇಪಕ್ಕನ ಮೇಜಿನ ಮುಂದೆ ನಿಂತ.

"ಏನು ಮೇಸ್ತ್ರಿ, ಇನ್ನೊಂದು ಅರ್ಜಿನಾ?"

"ಇಲ್ಲಕ್ಕಾ. ಅವತ್ತು ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ. ನೀವು ಬರದೇ ಇದ್ದಿದ್ರೆ ಅಕ್ಕನ ಮನೆ ನನ್ನ ಕೈಯಾರೆ ಮುಳುಗಿಸ್ತಿದ್ದೆ. ನಿಮ್ಮ ಉಪಕಾರ ಮರೆಯಲ್ಲ."

"ಟ್ಯೂಬು ಹಿಡಿದಿದ್ದು ನೀವು ತಾನೆ? ಕೂತ್ಕೊಳ್ಳಿ, ಟೀ ಬರುತ್ತೆ."

ಓದುತ್ತಿರುವ ನೀವೂ ಹಳ್ಳಕ್ಕೆ ದಾರಿ ಮಾಡಬೇಕೆಂದಿರಬಹುದು, ನದಿ ದಡಕ್ಕೆ ಗೋಡೆ ಕಟ್ಟಬೇಕೆಂದಿರಬಹುದು, ಜೌಗು ತುಂಬಿಸಿ ಮನೆ ಕಟ್ಟಬೇಕೆಂದಿರಬಹುದು. ಕೆಲಸ ಚಿಕ್ಕದೆಂದು ನೀವೇ ತೀರ್ಮಾನಿಸಬೇಡಿ. ಮೊದಲು ನಿಮ್ಮ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ. ಮೇಲ್ಗಡೆ, ಕೆಳಗಡೆ ಇರುವವರನ್ನು ಕೇಳಿ: ನೀರು ಎಲ್ಲಿಯವರೆಗೆ ಬಂದಿತ್ತು? ಮಳೆಗೆ ಎರಡು ತಿಂಗಳು ಮೊದಲೇ ಅರ್ಜಿ ಕೊಡಿ. ಪೈಪು ಇಳಿಸಿದ ಮೇಲಲ್ಲ, ಪೈಪು ತರಲು ಹೇಳುವ ಮೊದಲು.